ಹವ್ಯಾಸಕ್ಕೆ ಮಾತ್ರ

ಹಾಗಲವಾಡಿ ಕಡೆ ಒಂದು ಸಣ್ಣ ಜಲಾಶಯ ಕಟ್ಟಿದಾಗ ನರಸಮ್ಮನ ರಾಗಿ ಹೊಲ ನೀರಿನಡಿ ಹೋಯಿತು. ಆಮೇಲೆ ಅವಳು ಏರಿಯ ಮಗ್ಗುಲಲ್ಲಿ ಕೂತು, ಬಿದಿರು ಕಡ್ಡಿಗೆ ಗಾಳ ಕಟ್ಟಿ ಮೀನು ಹಿಡಿಯುತ್ತಿದ್ದಳು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಅಲ್ಲೊಂದು ಬೋರ್ಡು ಬಂತು. ಬಲೆ ಬೀಸುವಂತಿಲ್ಲ, ಹವ್ಯಾಸಕ್ಕೆ ಮಾತ್ರ ಗಾಳ ಹಾಕಬಹುದು. ಭಾನುವಾರಗಳಂದು ತುಮಕೂರಿನಿಂದ ಒಬ್ಬ ಸಾಹೇಬರು ಸ್ನೇಹಿತರ ಜೊತೆ ಜೀಪಿನಲ್ಲಿ ಬಂದು, ಮಡಚೋ ಕುರ್ಚಿ ಹಾಕಿಕೊಂಡು ಕೂರತೊಡಗಿದರು.

ಕಾವಲಿಗಿದ್ದವನು ಅದೇ ಊರಿನ ಚಿಕ್ಕಮಾರಯ್ಯ.

"ಏಳಕ್ಕ, ಇನ್ಮೇಲೆ ನೀನು ಹಿಡಿಯಂಗಿಲ್ಲ," ಅಂದ.

"ಅವ್ರು ಹಿಡೀತಾವ್ರಲ್ಲ?"

"ಅವ್ರದು ಹವ್ಯಾಸ. ನೀನು ಸಾರು ಮಾಡಕ್ಕೆ ಹಿಡೀತೀಯ."

"ಹವ್ಯಾಸ ಅಂದ್ರೇನ್ಲಾ?"

"ಸುಮ್ನೆ ಖುಷಿಗೆ ಮಾಡೋದು. ಶೋಕಿ."

ಅಷ್ಟು ಹೇಳಿ ಅವಳ ಕಡ್ಡಿ ಮುರಿದು ನೀರಿಗೆಸೆದ. ನರಸಮ್ಮ ಎದ್ದು ಹೋದಳು.

ಮುಂದಿನ ಭಾನುವಾರ ಹೊಸ ಕಡ್ಡಿ ಹಿಡಿದು ಬಂದು, ಸಾಹೇಬರ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ರೂಲ್ಸ್ ಗೊತ್ತಿಲ್ವೇನಮ್ಮ?" ಸಾಹೇಬರು ಕೇಳಿದರು.

"ಗೊತ್ತು ಸ್ವಾಮಿ. ನಾನೂ ಶೋಕಿಗೇ ಬಂದಿದೀನಿ."

ಸ್ನೇಹಿತರು ನಕ್ಕರು. ಅಷ್ಟರಲ್ಲಿ ಅವಳ ದಾರ ಜಗ್ಗಿತು. ಮೊಳದುದ್ದದ ಗೆಂಡೆ ಮೀನು. ಮನೆಯಲ್ಲಿ ಮಕ್ಕಳಿಗೆ ವಾರವೆಲ್ಲ ಹುರುಳಿ ಸಾರೇ ಆಗಿತ್ತು. ನರಸಮ್ಮ ಗಾಳ ಬಿಡಿಸಿ, ಮೀನನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ನೀರಿಗೆ ಬಿಟ್ಟಳು.

"ನೋಡಿ, ನಂದು ಶೋಕಿ. ನೀವೂ ಬುಡಿ ಸ್ವಾಮಿ."

ಸಾಹೇಬರ ಬಕೆಟ್ಟಿನಲ್ಲಿ ಮೀನುಗಳು ಪಟಪಟ ಬಡಿಯುತ್ತಿದ್ದವು.

"ಹಿಡಿದಿದ್ದನ್ನ ಬಿಡಬೇಕು ಅಂತ ರೂಲ್ಸಿನಲ್ಲಿ ಎಲ್ಲೂ ಇಲ್ಲ," ಅಂದರು ಅವರು.

"ಹಂಗಾದ್ರೆ ನಂಗೂ ಇಲ್ಲ."

ಚಿಕ್ಕಮಾರಯ್ಯ ಕಡ್ಡಿ ಕಿತ್ತುಕೊಳ್ಳಲು ಬಂದ. ಅವಳು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡಳು.

"ಇದನ್ನೂ ಮುರಿ. ಆದ್ರೆ ಮೊದ್ಲು ಅವ್ರದು ಮುರಿ."

"ಬಿಡಯ್ಯ, ಕೂತ್ಕೊಳ್ಳಲಿ," ಅಂದು ಸಾಹೇಬರು ಮುಖ ತಿರುಗಿಸಿಕೊಂಡರು.

ಅವಳು ಎರೆಹುಳ ಚುಚ್ಚಿ ಮತ್ತೆ ಗಾಳ ಹಾಕಿದಳು. ಆಮೇಲೆ ಸಿಕ್ಕಿದ್ದು ಮೊದಲಿನದಕ್ಕಿಂತ ಸಣ್ಣದು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಜೀಪಿನ ಮುಂದೆಯೇ ನಡೆದು ಮನೆಗೆ ಹೋದಳು.

ಇನ್ನೊಂದು ವಾರಕ್ಕೆ ಏರಿಯ ಮೇಲೆ ನಾಲ್ಕೈದು ಹೆಂಗಸರು ಗಾಳ ಹಾಕಿ ಕೂತಿದ್ದರು. ಅವರಲ್ಲೊಬ್ಬಳು ಚಿಕ್ಕಮಾರಯ್ಯನ ಹೆಂಡತಿ ಪುಟ್ಟತಾಯಮ್ಮ. ಗಂಡ ಹತ್ತಿರ ಬಂದಾಗ ಅವಳು ತಲೆ ಎತ್ತಲಿಲ್ಲ.

"ಅತ್ಲಾಗೆ ನಿಂತ್ಕೋ. ನಿನ್ ನೆರಳಿಗೆ ಮೀನು ಹೆದರ್ತವೆ," ಅಂದಳು.

ಅವನು ಏರಿಯ ಆ ತುದಿಗೆ ಹೋಗಿ ನಿಂತ.