ವರ್ನೀಸ್ ಅಕ್ಕನ ಹೆರಿಗೆ ಮನೆ

ಮಿಸಿಸಿಪ್ಪಿಯ ನಮ್ಮ ಊರಿನಲ್ಲಿ ವರ್ನೀಸ್ ಟಾಲಿವರ್ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಊರಿನ ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚಿದ ವರ್ಷವೇ ಅವಳ ಒಬ್ಬಳೇ ಮಗಳು ಕೆಂಡ್ರಾ, ಹೆರಿಗೆಗೆಂದು ದೂರದ ಜಾಕ್ಸನ್ ನಗರದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ರಕ್ತ ಹೋಗಿ ತೀರಿಕೊಂಡಳು. ಕಾರು ಓಡಿಸುತ್ತಿದ್ದವಳು ವರ್ನೀಸಳೇ.

ಚರ್ಚಿನಲ್ಲಿ ಅವಳು ಇದನ್ನು ಹೇಳಿಕೊಂಡು ಅತ್ತದ್ದನ್ನು ಯಾರೋ ವಿಡಿಯೊ ಮಾಡಿದರು. ಅದು ಎಲ್ಲೆಲ್ಲೋ ಸುತ್ತಿ, ನ್ಯೂಯಾರ್ಕಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುವ ದೊಡ್ಡವರ ಸಮಾವೇಶದಿಂದ ಅವಳಿಗೆ ಕರೆ ಬಂತು. ಜೊತೆಗೆ ಅವಳ ಗೆಳತಿಯಾದ ನಾನೂ ಹೋದೆ.

ಬೆಳಗಿನಿಂದ ಪ್ರಧಾನಿಗಳು, ಮಂತ್ರಿಗಳು ತಾಯಂದಿರ ಬಗ್ಗೆ ಮಾತಾಡಿದರು. ಆಮೇಲೆ ವರ್ನೀಸ್ ಮಾತಾಡಿದಳು. ಔಷಧಿ ಕಂಪನಿಯೊಂದರ ಅಧ್ಯಕ್ಷ ಗ್ರೇಡನ್ ಕಣ್ಣೊರೆಸಿಕೊಂಡು ವೇದಿಕೆಗೆ ಬಂದು, ಅವಳ ಕೈ ಹಿಡಿದು, "ನಿಮ್ಮೂರಲ್ಲಿ ಹೆರಿಗೆ ಮನೆ ಕಟ್ಟಿಸ್ತೀನಿ" ಅಂದ. ಸಭೆಯೇ ಎದ್ದು ನಿಂತಿತು.

ಸಮಾವೇಶದ ಕಚೇರಿಯಲ್ಲಿ ಜೂಲಿಯನ್ ಎಂಬ ಹುಡುಗನಿದ್ದ. ದೊಡ್ಡವರು ಆಡಿದ ಮಾತನ್ನು ಬರವಣಿಗೆಗೆ ಇಳಿಸಿ ಸಹಿ ಮಾಡಿಸುವುದು ಅವನ ಕೆಲಸ. ಗ್ರೇಡನ್‌ನ ವಕೀಲರ ಜೊತೆ ಸಂಜೆಯವರೆಗೂ ಗುದ್ದಾಡಿದ. "ಕಟ್ಟಿಸುತ್ತೇವೆ" ಎನ್ನುವುದು "ಕಟ್ಟಲು ನೆರವಾಗುತ್ತೇವೆ" ಆಯಿತು. ಕೊನೆಗೆ "ಕಟ್ಟುವ ಸಾಧ್ಯತೆಯನ್ನು ಪರಿಶೀಲಿಸುತ್ತೇವೆ" ಎಂದು ನಿಂತಿತು.

"ಅಲ್ಲಪ್ಪ, ಆ ಮನುಷ್ಯ ಎಲ್ಲರ ಮುಂದೆ ಕಟ್ಟಿಸ್ತೀನಿ ಅಂದ್ನಲ್ಲ?" ಎಂದು ಕೇಳಿದಳು ವರ್ನೀಸ್.

"ಅಂದ್ರು ಅಮ್ಮ. ಆದ್ರೆ ಸಹಿ ಬೀಳೋದು ಇಷ್ಟಕ್ಕೇ. ಹಟ ಹಿಡಿದ್ರೆ ಇದೂ ಇರಲ್ಲ." ಅವನ ಮುಖ ಬಾಡಿಹೋಗಿತ್ತು.

ಊರಿಗೆ ಬಂದಾಗ ಜನ ವಾದ್ಯ ಬಾರಿಸಿ ಸ್ವಾಗತಿಸಿದರು. ಬದಲಾದ ಮಾತನ್ನು ಹೇಳಲು ವರ್ನೀಸಳಿಗೆ ಬಾಯಿ ಬರಲಿಲ್ಲ. ಚರ್ಚಿನವರು ಪಕ್ಕದ ಜಾಗ ಬಿಟ್ಟುಕೊಟ್ಟರು. ಅಲ್ಲಿದ್ದ ಪೀಕನ್ ಮರಗಳನ್ನು ಕಡಿಸಿದರು. ಚಳಿಗಾಲದಲ್ಲಿ ಕಂಪನಿಯ ಕಡೆಯಿಂದ ನಾಲ್ಕು ಜನ ಬಂದು ಜಾಗ ಅಳೆದರು, ಬಸುರಿಯರನ್ನು ಏನೇನೋ ಕೇಳಿದರು, ನಾವು ಕರಿದುಕೊಟ್ಟ ಮೀನು ಹೊಗಳಿ ತಿಂದು ಹೋದರು. ಮತ್ತೆ ಯಾರೂ ಬರಲಿಲ್ಲ.

ಬೇಸಿಗೆಯಲ್ಲಿ ನನ್ನ ತಂಗಿಯ ಮಗಳು ಷರಾಂಡಾಗೆ ಅದೇ ದಾರಿಯಲ್ಲಿ ಹೆರಿಗೆಯಾಯಿತು. ಮಗು ಉಳಿಯಲಿಲ್ಲ. ಮಣ್ಣು ಮಾಡಿ ಬಂದವಳೇ ವರ್ನೀಸ್ ಜೂಲಿಯನ್‌ಗೆ ಫೋನು ಮಾಡಿದಳು.

"ಅಮ್ಮ, ಕಾಗದದಲ್ಲಿದ್ದ ಪರಿಶೀಲನೆ ಮುಗೀತು. ನಮ್ಮ ಸಮಾವೇಶದ ಪಟ್ಟಿಯಲ್ಲಿ ಅದು... ಈಡೇರಿದ ಭರವಸೆ ಅಂತ ಸೇರಿಹೋಗಿದೆ."

"ಈಡೇರ್ತಾ?"

"ನಾನು ಈ ಕೆಲಸ ಬಿಡ್ತಿದ್ದೀನಿ ಅಮ್ಮ" ಅಂದ.

"ನೀನು ಬಿಡಬೋದು ಕಣಪ್ಪ" ಎಂದು ಅವಳು ಫೋನಿಟ್ಟಳು.

ಸೆಪ್ಟೆಂಬರಿನಲ್ಲಿ ಮತ್ತೆ ಕರೆ ಬಂತು. ನಾನು ಬೇಡವೆಂದೆ. "ಆ ಗ್ರೇಡನ್‌ನನ್ನ ಎದುರಿಗೇ ಕೇಳ್ಬೇಕು ಕಣೆ" ಎಂದು ಹೊರಟಳು; ನಾನೂ ಜೊತೆಗೆ ಹೋದೆ. ವೇದಿಕೆಯ ಹಿಂದೆ ಗ್ರೇಡನ್ ಅವಳನ್ನು ಕಂಡವನೇ ಓಡಿಬಂದು ತಬ್ಬಿಕೊಂಡ.

"ವರ್ನೀಸ್! ಹೇಗಿದೆ ನಮ್ಮ ಹೆರಿಗೆ ಮನೆ?"

ನಾಟಕವಲ್ಲ. ಅದು ಕಟ್ಟಿ ಮುಗಿದಿದೆ ಎಂದೇ ಅವನು ನಂಬಿದ್ದ.

"ಇಲ್ಲ ಸ್ವಾಮಿ. ಅಲ್ಲಿ ಏನೂ ಇಲ್ಲ" ಅಂದಳು.

ಅವನ ಮುಖ ಕೆಂಪಾಯಿತು. ಪಕ್ಕದವನಿಗೆ, "ಇದೇನು ಅಂತ ನೋಡ್ರಿ" ಅಂದ. ಅಷ್ಟರಲ್ಲಿ ಅವನ ಹೆಸರು ಕರೆದರು. ವೇದಿಕೆಗೆ ಹೋಗಿ, ಹೆರಿಗೆ ಮನೆಯ ಭರವಸೆ ಈಡೇರಿತೆಂದು ಬರೆದುಕೊಟ್ಟಿದ್ದನ್ನೇ ಓದಿದ. ಅದರಲ್ಲಿ ಕೆಂಡ್ರಾಳ ಹೆಸರೂ ಇತ್ತು. ಸುತ್ತ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ವರ್ನೀಸ್ ಕೂತೇ ಇದ್ದಳು.

ವಾಪಸು ಬರುವಾಗ ವಿಮಾನದಲ್ಲಿ ನನ್ನ ಕಡೆ ನೋಡದೆ ಹೇಳಿದಳು: "ಮಗಳ ಸಾವನ್ನ ಅಷ್ಟು ಜನರ ಮುಂದೆ ಬಿಚ್ಚಿಟ್ಟೆ ಕಣೆ. ಈಗ ಅದು ನನ್ನದೇ ಅಲ್ಲ ಅನ್ಸುತ್ತೆ."

ಆಮೇಲೆ ಅವಳು ಕೆಂಡ್ರಾಳ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ಬಸುರಿಯರು ಬಂದು ಹೆರಿಗೆ ಮನೆ ಯಾವಾಗ ಎಂದು ಕೇಳಿದರೆ, "ದಿನ ತುಂಬೋಕೆ ಮುಂಚೆ ಜಾಕ್ಸನ್‌ನಲ್ಲಿ ಯಾರಾದ್ರೂ ನೆಂಟರ ಮನೆ ಸೇರ್ಕೊಳವ್ವ" ಅನ್ನುತ್ತಾಳೆ. ನೆಂಟರಿಲ್ಲ ಎನ್ನುವವರಿಗೆ ಹೇಳಲು ಅವಳ ಹತ್ತಿರ ಏನೂ ಇಲ್ಲ.