ನಲವತ್ತೊಂದು ಹೊಲಿಗೆ

"ಏಯ್ ಕತ್ತೆಮುಂಡೆ, ಆ ಅಂಟುಗೈ ಮೇಜಿನ ಮೇಲಿಡಬೇಡ ಕಣೇ!" ಎಂದು ಹೆಡ್ ಗುಮಾಸ್ತ ಅರಚಿದ. ಮೇಜೇನು ಅವನಪ್ಪನದಲ್ಲ, ನ್ಯಾಯಾಲಯದ್ದು. ಗೋಂದಕ್ಕ ಕೈ ಒರೆಸಿಕೊಂಡು ಹೊಸ್ತಿಲಾಚೆ ಕುಳಿತಳು. ಇಪ್ಪತ್ತು ವರ್ಷದಿಂದ ಅಲ್ಲಿನ ಪುಸ್ತಕಗಳ ಬೆನ್ನು ಹೊಲಿದವಳು ಅವಳೇ. ಒಳಗೆ ಕೂರು ಎಂದವರು ಮಾತ್ರ ಒಬ್ಬರೂ ಇಲ್ಲ.

"ಹೊಸ ಕಟ್ಟಡದ ಉದ್ಘಾಟನೆಗೆ ಒಂದು ಹಕ್ಕಿ ಬೇಕು. ರದ್ದಾದ ಕಾನೂನು ಪುಸ್ತಕ ಕತ್ತರಿಸಿ ಮಾಡು. ಪುಸ್ತಕದೊಳಗಿಂದ ಹಾರೋ ಹಾಗಿರ್ಬೇಕು. ಸ್ವಾತಂತ್ರ್ಯ ಅಂದ್ರೆ ಗೊತ್ತೇನೆ? ನಿನಗೆಲ್ಲಿ ಗೊತ್ತಿರತ್ತೆ!"

"ಗೊತ್ತು ಸ್ವಾಮಿ. ನನ್ನ ತಮ್ಮ ನಾಲ್ಕು ವರ್ಷದಿಂದ ನಿಮ್ಮ ಜೈಲಲ್ಲೇ ಇದ್ದಾನೆ. ಅವನ ವಿಚಾರಣೆ ಯಾವಾಗ?"

"ತಾರೀಖು ಕೊಟ್ಟಿಲ್ವಾ? ಬಾಯ್ಮುಚ್ಕೊಂಡು ಕೆಲಸ ನೋಡು."

ತಾರೀಖಿಗೇನು ಬರವಿರಲಿಲ್ಲ. ನಲವತ್ತೊಂದು ಸಲ ಕೊಟ್ಟಿದ್ದರು, ನಲವತ್ತೊಂದು ಸಲ ಮುಂದೂಡಿದ್ದರು. ಕೂಲಿ ಹೆಂಗಸಿಗೆ ಹೊಡೆಯಹೋದ ಗೋದಾಮಿನ ಯಜಮಾನನ ಕೈಯನ್ನು ತಮ್ಮ ಹಿಡಿದುಕೊಂಡಿದ್ದ, ಅಷ್ಟೇ. ಪೊಲೀಸರು ಮಾತ್ರ ಹೊಡೆದವನೇ ತಮ್ಮ ಎಂದು ಬರೆದುಕೊಂಡರು.

ಗೋಂದಕ್ಕ ಖುಷಿಯಾಗಿಯೇ ಕೆಲಸಕ್ಕೆ ಕುಳಿತಳು. ಶಿಕ್ಷೆಯ ಪುಟಗಳೆಲ್ಲ ರೆಕ್ಕೆಯಾದವು, ದಂಡದ ಪುಟಗಳು ಬಾಲಕ್ಕೆ ಹೋದವು. ಹುಳು ತಿಂದ ಒಂದು ಕಾಯಿದೆಯ ರಟ್ಟು ಕೊಕ್ಕಿಗೆ ಹೇಳಿ ಮಾಡಿಸಿದಂತಿತ್ತು. ಕೊನೆಗೆ ಮೇಣ ಸವರಿದ ದಾರ ಪೋಣಿಸಿ, ಹಕ್ಕಿಯ ಎರಡೂ ಕಾಲುಗಳನ್ನು ಕೆಳಗೆ ತೆರೆದಿಟ್ಟ ಪುಸ್ತಕದ ಬೆನ್ನಿಗೆ ಸೇರಿಸಿ ಹೊಲಿದಳು. ಒಂದೊಂದು ಹೊಲಿಗೆಗೂ ಒಂದೊಂದು ತಾರೀಖನ್ನು ಬಾಯಿಬಿಟ್ಟು ಹೇಳಿದಳು. ಹಾಳಾದ್ದು, ಒಂದೂ ಮರೆತಿರಲಿಲ್ಲ.

ಉದ್ಘಾಟನೆಯ ಬೆಳಿಗ್ಗೆ ದೊಡ್ಡ ನ್ಯಾಯಾಧೀಶರು ಟೇಪು ಕತ್ತರಿಸಿ, ಹಕ್ಕಿಯ ಮೇಲಿನ ಬಟ್ಟೆ ಸರಿಸಿದರು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಅವರ ಕಣ್ಣು ಹಕ್ಕಿಯ ಕಾಲಿನ ಮೇಲೆ ಬಿತ್ತು.

"ಇದೇನು, ಕಟ್ಟಿಹಾಕಿದ್ದೀರಿ?"

ಗುಮಾಸ್ತನ ಮುಖ ಸುಣ್ಣದಂತಾಯಿತು. "ಏಯ್ ದರಿದ್ರದವಳೇ, ಬಿಚ್ಚೇ ಅದನ್ನ!"

ಬಾಗಿಲಾಚೆ ನಿಂತಿದ್ದ ಗೋಂದಕ್ಕ ಒಳಗೆ ನಡೆದುಬಂದಳು. ಯಾರೂ ಕರೆದಿರಲಿಲ್ಲ. ಟೇಪು ಕತ್ತರಿಸಿ ತಟ್ಟೆಯಲ್ಲಿಟ್ಟಿದ್ದ ಕತ್ತರಿ ಎತ್ತಿ, ಅದರ ಹಿಡಿಯನ್ನು ನ್ಯಾಯಾಧೀಶರತ್ತ ಚಾಚಿದಳು.

"ನಲವತ್ತೊಂದು ಹೊಲಿಗೆ ಸ್ವಾಮಿ. ನೀವು ಮುಂದಕ್ಕೆ ಹಾಕಿದ ಒಂದೊಂದು ತಾರೀಖಿಗೆ ಒಂದೊಂದು. ನನ್ನ ತಮ್ಮನ್ನ ಇವತ್ತು ಕರೆಸಿ, ಅವನ ಮಾತು ಕೇಳಿ. ಆಮೇಲೆ ನೀವೇ ಕತ್ತರಿಸಿ."

"ಆಚೆಗೆ ನಡಿಯೇ ಮುಂಡೆ!" ಗುಮಾಸ್ತ ಅವಳ ತೋಳು ಹಿಡಿದು ಎಳೆದ.

ಗೋಂದಕ್ಕ ಎಡಗೈಯನ್ನು, ಅಂಟು ಮೆತ್ತಿದ ಹಾಗೆಯೇ, ಹೊಳೆಯುವ ಹೊಸ ಮೇಜಿನ ಮೇಲೆ ಊರಿ ನಿಂತಳು. ಬಲಗೈಯಲ್ಲಿ ಚಾಚಿಯೇ ಇದ್ದ ಕತ್ತರಿಯನ್ನು ಇನ್ನೂ ಯಾರೂ ತೆಗೆದುಕೊಂಡಿರಲಿಲ್ಲ.