ಅವ್ವ ಹೇಳಿ ಬರೆಸಿದ್ದು

ರಾಗಿಣಿ ಎರಡು ವರ್ಷದಿಂದ ಒಂದು ಪುಟವನ್ನೂ ಬರೆದಿರಲಿಲ್ಲ. ಮೊದಲ ಕಾದಂಬರಿಗೆ ಬಹುಮಾನ ಬಂದಿತ್ತು. ಪ್ರಕಾಶಕರು ಇನ್ನೊಂದನ್ನು ಕೇಳುತ್ತಲೇ ಇದ್ದರು. "ಬರೀತಾ ಇದೀನಿ ಸಾರ್" ಎನ್ನುತ್ತಿದ್ದಳು. ಲ್ಯಾಪ್‌ಟಾಪ್ ತೆರೆದರೆ ಕಾಣುತ್ತಿದ್ದುದು ಭಾಗವ್ವನ ಮುಖ.

ಭಾಗವ್ವ ಸಿಂಧನೂರಿನ ಕಡೆಯವಳು. ಮೂಡಲಪಾಳ್ಯದಲ್ಲಿ, ರಾಗಿಣಿಯ ಮನೆಯ ಹಿಂದಿನ ರಸ್ತೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ರಾಗಿಣಿ ರೊಟ್ಟಿಗೆಂದು ಹೋದ ಒಂದು ಮಧ್ಯಾಹ್ನ ಭಾಗವ್ವ ಹೇಳಿಕೊಂಡಿದ್ದಳು: ಮಗಳು ಗುರುದೇವಿ ತಾನು ಹೆತ್ತವಳಲ್ಲ, ಹೆರಿಗೆಯಲ್ಲಿ ತೀರಿಕೊಂಡ ತಂಗಿಯ ಕೂಸು. ತಂಗಿಗೆ ಮದುವೆಯಾಗಿರಲಿಲ್ಲ. ಊರವರ ಬಾಯಿಗೆ ಹೆದರಿ ಹದಿನೇಳು ದಿನದ ಮಗುವನ್ನು ಎತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತಿದ್ದಳು. "ಯಾರ ಮುಂದೂ ಅನಬ್ಯಾಡ್ರಿ ಅಕ್ಕಾರ."

ರಾಗಿಣಿ ಯಾರ ಮುಂದೆಯೂ ಅನ್ನಲಿಲ್ಲ, ಬರೆದಳು. ಹೆಸರು, ಊರು ಬದಲಾಯಿಸಿದಳು. ಆದರೆ ಕೂಸನ್ನು ಸುತ್ತಿ ತಂದ ಹಸಿರು ಕೌದಿಯನ್ನು ಬಿಡಲು ಮನಸ್ಸಾಗಲಿಲ್ಲ. ನಾಗರಬಾವಿಯ ಹಾಸ್ಟೆಲಿನಲ್ಲಿ ಗುರುದೇವಿ ಆ ಕಾದಂಬರಿ ಓದಿದಳು. ಕೌದಿ ಇನ್ನೂ ಅವರ ಮನೆಯಲ್ಲೇ ಇತ್ತು; ಅವ್ವ ಮುಚ್ಚಿಟ್ಟಿದ್ದ ತನ್ನದೇ ಕಥೆ ಇದು ಎಂದು ಗೊತ್ತಾಯಿತು. ಅವಳು ಮನೆಗೆ ಬರುವುದನ್ನು ನಿಲ್ಲಿಸಿದಳು. ವಿಷಯ ತಿಳಿದ ಮೇಲೆ ರಾಗಿಣಿ ಆ ರಸ್ತೆಗೇ ಕಾಲಿಡಲಿಲ್ಲ.

ಕೊನೆಗೊಂದು ಬೆಳಿಗ್ಗೆ ಹೋದಳು.

"ನಂದು ತಪ್ಪಾಯ್ತು ಭಾಗವ್ವ. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು."

ಭಾಗವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. "ಕೇಳಿದ್ರ ನಾ ಬ್ಯಾಡ ಅಂತಿದ್ನಿ. ಅದು ಗೊತ್ತಿದ್ದೇ ನೀವು ಕೇಳಲಿಲ್ಲ."

ಅದು ನಿಜವಾಗಿತ್ತು. ರಾಗಿಣಿ ತಲೆ ತಗ್ಗಿಸಿದಳು.

"ಫೋನ್ ಮಾಡಿದ್ರ ಅಕಿ ಎತ್ತಂಗಿಲ್ಲ. ನನಗ ಬರಿಯಾಕ ಬರಂಗಿಲ್ಲ. ನಾ ಹೇಳ್ತೀನಿ, ನೀವು ಬರೀರಿ. ನಿಮ್ಮದೊಂದು ಮಾತು ಸೇರಸಬ್ಯಾಡ್ರಿ."

ರಾಗಿಣಿ ಹಿಟ್ಟಿನ ಡಬ್ಬದ ಮೇಲೆ ಹಾಳೆ ಇಟ್ಟುಕೊಂಡಳು.

"ನಿನ್ನ ಹೆತ್ತಾಕಿ ಗಂಗವ್ವ. ಭಾಳ ಚಂದ ನಗತಿದ್ಲು..."

ಆ ನಗುವಿಗೊಂದು ಹೋಲಿಕೆ ರಾಗಿಣಿಯ ತಲೆಗೆ ಬಂತು. ಬಂದದ್ದಕ್ಕೇ ನಾಚಿಕೆಯಾಗಿ ಪೆನ್ನು ತಡೆದಳು.

"...ನಿನ್ನ ನಗಿ ಅಕಿದೇ. ಹೇಳಿದ್ರ ನನ್ನ ಬಿಟ್ಟು ಹೋಗ್ತಿ ಅಂತ ಅಂಜಿದ್ನಿ."

ರಾಗಿಣಿ ಒಯ್ದುಕೊಟ್ಟ ಕಾಗದವನ್ನು ಗುರುದೇವಿ ಹಾಸ್ಟೆಲಿನ ಗೇಟಿನಲ್ಲಿ ನಿಂತೇ ಓದಿದಳು.

"ಇದು ಅವ್ವನ ಮಾತಾ, ನಿಮ್ಮದಾ ಆಂಟಿ?"

"ಅವ್ವಂದೇ. ಒಂದಕ್ಷರಾನೂ ನಂದಲ್ಲ."

ಅವಳು ಇನ್ನೊಮ್ಮೆ ಓದಿ ಕಣ್ಣೊರೆಸಿಕೊಂಡಳು. "ಭಾನುವಾರ ಬರ್ತೀನಿ ಅಂತ ಹೇಳಿ. ನೀವು ಮಾತ್ರ ಅವತ್ತು ಅಲ್ಲಿಗೆ ಬರಬೇಡಿ."

ದಾರಿಯಲ್ಲಿ ರಾಗಿಣಿ ಪ್ರಕಾಶಕರಿಗೆ ಫೋನ್ ಮಾಡಿದಳು. "ಆ ಪುಸ್ತಕ ಇನ್ನು ಅಚ್ಚು ಮಾಡಬೇಡಿ ಸಾರ್."

"ಯಾಕಮ್ಮ? ಹೊಸದು ಕೊಡ್ತೀರಾ ಹಾಗಾದ್ರೆ?"

"ಗೊತ್ತಿಲ್ಲ ಸಾರ್."

ರಾಗಿಣಿ ತಂದ ಭಾನುವಾರದ ಸುದ್ದಿ ಕೇಳಿ ರೊಟ್ಟಿ ಬಡಿಯುತ್ತಿದ್ದ ಭಾಗವ್ವನ ಕೈ ನಿಂತಿತು. "ಪುಂಡಿಪಲ್ಯ ಅಂದ್ರ ಅಕಿಗೆ ಜೀವ. ಆ ಸೊಪ್ಪು ಇಲ್ಲಿ ಎಲ್ಲಿ ಸಿಗತದೋ..." ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತ ಒಳಗೆ ಹೋದಳು. ಕೂರಿ ಅನ್ನಲಿಲ್ಲ. ರಾಗಿಣಿ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದು, ಮನೆಗೆ ನಡೆದಳು.